ಅಂದಾಜು ಸ್ಥಳ

ಬೆಳಗಿನ ಐದೂಮುಕ್ಕಾಲು. ಲಿಂಗರಾಜಪುರದ ಫ್ಲೈಓವರ್ ಕೆಳಗೆ
ಸ್ಕೂಟರಿನ ಹಿಂದೆ ಐಸ್ ಡಬ್ಬ ಬಿಗಿದು
ಆ್ಯಪ್ ಒತ್ತುತ್ತೇನೆ: ಡ್ಯೂಟಿ ಶುರು.
ನೀಲಿ ಚುಕ್ಕಿಯೊಂದು ಎದ್ದು ಕೂರುತ್ತದೆ
ನನಗಿಂತ ಮೊದಲೇ ಮುಖ ತೊಳೆದವಳ ಹಾಗೆ.

ಇನ್ನು ಮಧ್ಯಾಹ್ನದವರೆಗೆ ಲ್ಯಾಬಿಗೆ ಗೊತ್ತು
ಯಾವ ಅಡ್ಡರಸ್ತೆಯಲ್ಲಿ ಎಷ್ಟು ಹೊತ್ತು ನಿಂತೆ ಎಂದು.
ಇರಲಿ. ಅದಕ್ಕೆ ಸಂಬಳ ಕೊಡುತ್ತಾರೆ.

ಖಾಲಿ ಹೊಟ್ಟೆಯಲ್ಲಿ ಕಾದವರು ತೋಳು ಚಾಚುತ್ತಾರೆ.
ಮೂರನೇ ಮಹಡಿಯ ಕರ್ನಲ್‌ಗೆ ಸೂಜಿ ಎಂದರೆ ಭಯ,
ಯಾರಿಗೂ ಹೇಳಬೇಡಮ್ಮ ಅನ್ನುತ್ತಾರೆ.
ಕಾಕ್ಸ್‌ಟೌನಿನ ಹುಡುಗಿ ಮನೆಯೊಳಗೆ ಕರೆಯುವುದಿಲ್ಲ,
ಮೆಡಿಕಲ್ ಶಾಪಿನ ಪಕ್ಕ ನಿಂತೇ ತೋಳು ಮಡಚುತ್ತಾಳೆ.
(ಕರ್ನಲ್ ಅಲ್ಲ ಅವರು. ಮಹಡಿಯೂ ಮೂರನೆಯದಲ್ಲ.)
ಹನ್ನೊಂದು ಜನರ ಗುಟ್ಟು, ಮುಚ್ಚಳ ಬಿಗಿದುಕೊಂಡು
ಬೆನ್ನ ಹಿಂದೆ ತಣ್ಣಗೆ ಅಲುಗುತ್ತದೆ
ಪ್ರತಿ ಹಂಪ್ ಹತ್ತಿಳಿದಾಗಲೂ.

ನನ್ನದು ಮಾತ್ರ ಬಯಲು.
ಡ್ಯೂಟಿ ಮುಗಿದರೆ ಇನ್ನೊಂದು ನಕ್ಷೆ, ಅದರ ಹೆಸರು ‘ಮನೆ’.
ದಾಸರಹಳ್ಳಿಯಲ್ಲಿ ಕೂತ ನಾದಿನಿ ವಸಂತ ಫೋನ್ ಮಾಡುತ್ತಾಳೆ:
‘ಬಾಣಸವಾಡೀಲಿ ಯಾಕೆ ಹದಿನೆಂಟು ನಿಮಿಷ?’
ಟೀ ಕುಡಿದೆ.
‘ಅಷ್ಟು ಹೊತ್ತಾ?’
ಬಿಸಿಯಿತ್ತು.

ಪುರಂದರ ಕೆಟ್ಟವನಲ್ಲ.
ಹೆಣ್ಣೂರಿನಲ್ಲಿ ಟಯರ್ ಪಂಕ್ಚರಾಗಿ, ಫೋನ್ ಸತ್ತು,
ನಾನು ಹನ್ನೆರಡಕ್ಕೆ ಮನೆ ಸೇರಿದ ರಾತ್ರಿ
ಅವನು ಚಪ್ಪಲಿಯಿಲ್ಲದೆ ಗೇಟಿನಲ್ಲಿ ನಿಂತಿದ್ದ.
ಮರುದಿನ ‘ಒಂದು ಗಂಟೆ’ ಎಂದು ಹಾಕಲು ಹೋದ ಬೆರಳು
ಒಂದೇ ಸಾಲು ಕೆಳಗಿಳಿದು ‘ನೀವು ನಿಲ್ಲಿಸುವವರೆಗೆ’ ಮುಟ್ಟಿತು.
ನಿಲ್ಲಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ, ನಿಲ್ಲಿಸಿದ್ದು.
ಬಾಗಿಲಿಗಿಂತ ಚಿಲಕದ ಸದ್ದೇ ದೊಡ್ಡದು.

ಸುಳ್ಳೇಕೆ, ನಾನೂ ನೋಡುತ್ತಿದ್ದೆ.
ಮಗಳು ಮಯೂಖಳ ಚುಕ್ಕಿ ಕಾಲೇಜು ಬಿಟ್ಟು, ಬಸ್ ಹತ್ತಿ,
ಸಿಗ್ನಲಿನಲ್ಲಿ ನಿಂತು, ಮತ್ತೆ ಹೊರಡುವುದನ್ನು
ಹಾಲು ಉಕ್ಕುವಷ್ಟು ಹೊತ್ತು ನೋಡಿದ್ದೇನೆ.
ಒಂದು ದಿನ ಚುಕ್ಕಿಯೇ ಇಲ್ಲ. ‘ಸ್ಥಳ ಲಭ್ಯವಿಲ್ಲ.’
ಹದಿನಾರು ವರ್ಷದಲ್ಲಿ ಮೊದಲ ಸಲ ಸೂಜಿ ನಡುಗಿತು.
ರಾತ್ರಿ ಹಪ್ಪಳ ಮುರಿಯುತ್ತಾ ಅವಳೇ ಅಂದಳು:
‘ಏನೂ ಆಗಿಲ್ಲಮ್ಮ. ಸುಮ್ನೆ ಇದ್ದೆ.’

ಸುಮ್ಮನೆ ಇರುವುದಕ್ಕೂ ಒಂದು ಜಾಗ ಬೇಕೆಂದು
ನನಗೆ ಹೊಳೆದಿರಲೇ ಇಲ್ಲ.

ಆಮೇಲೆ ನನ್ನ ಫೋನ್ ಕಸಿದುಕೊಂಡಳು.
ಟಾರ್ಚಿಗೆ, ಪಂಚಾಂಗಕ್ಕೆ, ಸೀರೆ ಅಂಗಡಿಗೆ
ಎಲ್ಲಕ್ಕೂ ನಾನಿರುವ ಜಾಗ ಗೊತ್ತಿತ್ತು, ಯಾವಾಗಲೂ.
ಕತ್ತಲಲ್ಲಿ ಬೆಳಕು ಬೀರಲು ಟಾರ್ಚಿಗೆ
ನನ್ನ ಬೀದಿ ಯಾಕೆ ಬೇಕಿತ್ತೋ!
ಒಂದೊಂದರದ್ದೇ ಕಿವಿ ಹಿಂಡಿದಳು.
ಕೊನೆಗೊಂದು ಗುಂಡಿ: ನಿಖರ ಸ್ಥಳ.
ಆರಿಸಿದಳು. ಚುಕ್ಕಿ ಕರಗಿ
ತಟ್ಟೆಯಗಲದ ಮಬ್ಬು ವೃತ್ತವಾಯಿತು.
ಅದರೊಳಗೆ ಅರ್ಧ ಕೆರೆ, ಒಂದು ಚರ್ಚು, ರೈಲು ಹಳಿ,
ಎರಡು ಬೇಕರಿ, ಎಲ್ಲೋ ನಾನು.

ಈ ಊರು ವಿಳಾಸ ಹೇಳುತ್ತಿದ್ದದ್ದೇ ಹೀಗಲ್ಲವೇ?
ನೀರಿನ ಟ್ಯಾಂಕ್ ದಾಟಿ ಯಾರನ್ನಾದ್ರೂ ಕೇಳಿ.
‘ಇಲ್ಲೇ ಇದೀನಿ, ಐದೇ ನಿಮಿಷ’ ಅಂದವನು
ಇನ್ನೂ ಹೆಬ್ಬಾಳದಲ್ಲಿರುತ್ತಿದ್ದ;
ಕಾಯುವವರಿಗೂ ಅದು ಗೊತ್ತಿರುತ್ತಿತ್ತು,
ಇನ್ನೊಂದು ಕಾಫಿ ಹೇಳುತ್ತಿದ್ದರು.

ಪುರಂದರನಿಗೆ ಹೇಳಿದೆ: ಗುರುವಾರ ಎರಡರಿಂದ ಮೂರೂವರೆ
ನಕ್ಷೆಯಲ್ಲಿ ಹುಡುಕಬೇಡ. ಫೋನ್ ಮಾಡು, ಎತ್ತುತ್ತೇನೆ.
ಅವನು ‘ಎಲ್ಲಿಗೆ’ ಅನ್ನಲಿಲ್ಲ.
ಅನ್ನದಿರಲು ಪಟ್ಟ ಪಾಡು ಗಂಟಲಲ್ಲಿ ಕಂಡಿತು.

ಇವತ್ತು ಗುರುವಾರ. ಐಸ್ ಡಬ್ಬ ಖಾಲಿ.
ಸ್ಕೂಟರ್ ಒಂದು ಮರದ ಕೆಳಗಿದೆ.
ಯಾವ ಮರ ಎಂದು ಕೇಳಿದಿರಾ?
ನಿಮಗೂ ಅಷ್ಟೇ ಅನುಮತಿ:
ಫ್ರೇಜರ್‌ಟೌನಿಗೂ ಹಲಸೂರಿಗೂ ನಡುವೆ, ಸುಮಾರು.
ಫೋನ್ ಒಂದು ಸಲವೂ ಹೊಡೆದುಕೊಂಡಿಲ್ಲ.
ಟೀ ಆರಿ ಎಷ್ಟೋ ಹೊತ್ತಾಯಿತು.