‘ಅಂತೆ’ ಎಂಬ ಅಚ್ಚುಮೊಳೆ

ಕನ್ನಡವನ್ನು ನಾನು ಕಲಿತದ್ದು ತಲೆಕೆಳಗಾಗಿ,
ಸೀಸದಲ್ಲಿ.
ಮನೆಯಲ್ಲಿ ತಮಿಳು. ಅಪ್ಪ ಪಲ್ಟಣದ ಕುದುರೆಗಳಿಗೆ ಹುಲ್ಲು ಕೊಯ್ದವನು.
ಪಲ್ಟಣ ಹಿರೋಡೆ ಬಿಟ್ಟಾಗ ನಮ್ಮನ್ನೂ ಬಿಟ್ಟಿತು,
ಒಂದು ಖಾಲಿ ಲಾಯವನ್ನೂ. ಆ ಲಾಯದಲ್ಲೇ
ಧರಣೇಂದ್ರಯ್ಯನವರು ಅಚ್ಚಿನ ಯಂತ್ರ ಇಳಿಸಿದರು.
ಹಗ್ಗ ಹಿಡಿದ ಎಂಟು ಜನರಲ್ಲಿ
ಎಂಟನೆಯವನಿಗೆ ಹನ್ನೊಂದು ವರ್ಷ.

ವಾರಕ್ಕೊಂದು ಪತ್ರಿಕೆ, ನೂರ ಹತ್ತು ಪ್ರತಿ.
ಮೊದಲ ಪುಟ ಅಮಲ್ದಾರರ ಹುಕುಂ, ಎರಡನೆಯದು ಬೆಲ್ಲದ ಧಾರಣೆ,
ಮೂರರಲ್ಲಿ ತಪ್ಪಿಸಿಕೊಂಡ ದನ.
ನಾಲ್ಕು ಅವರದೇ: ‘ಊರು ಹೇಳಿದ್ದು’.
ಅದಕ್ಕೆಂದು ನಡೆದರು, ಚಿನಕುರಳಿಗೆ, ತೊಣ್ಣೂರಿಗೆ, ಕೆನ್ನಾಳಿಗೆ,
ಕಂಕುಳಲ್ಲಿ ಕೊಡೆ, ಕೊಡೆಯೊಳಗೆ ಕಾಗದದ ಸುರುಳಿ.
ಅಗಸರ ಹೊನ್ನಿ ಬಟ್ಟೆ ಒಗೆವ ಕಲ್ಲು ಮಗುಚಿಸಿ
ಹಿಂಬದಿಯ ಅಕ್ಷರಕ್ಕೆ ಅಕ್ಕಿಹಿಟ್ಟು ಸವರಿ
ಸಂಜೆವರೆಗೆ ಓದಿ, ಇದ್ದ ಹಾಗೇ ಮಗುಚಿಟ್ಟು,
ಒಂದು ದಿನದ ಒಗೆತ ಕೆಟ್ಟದ್ದಕ್ಕೆ ಎರಡಾಣೆ ಕೊಟ್ಟು
ಬಂದು ಬರೆದರು: ಕೆರೆಗೆ ಬಿಟ್ಟ ಗದ್ದೆ, ಕೊಟ್ಟವನ ಹೆಸರು ಸವೆದಿದೆ,
ಕಲ್ಲು ಸದ್ಯ ಹೊನ್ನಿಯ ಸ್ವಾಧೀನದಲ್ಲಿದೆ.

ಕಂಡದ್ದಕ್ಕೆ ‘ಇದೆ’, ಕೇಳಿದ್ದಕ್ಕೆ ‘ಅಂತೆ’.
ಇಷ್ಟೇ ಅವರ ವ್ಯಾಕರಣ.
‘ಕುಂತಿಬೆಟ್ಟದಲ್ಲಿ ಪಾಂಡವರು ಇದ್ದರಂತೆ’ ಎಂದು ಅಚ್ಚಾದ ವಾರ
ಪಟೇಲ ಬೋರೇಗೌಡರು ಬಾಗಿಲಿಗೇ ಬಂದರು:
“ಭೀಮನ ಹೆಜ್ಜೆ ಬಂಡೆ ಮ್ಯಾಲೆ ಐತೆ. ಅಂತೆ ಅಂದ್ರೇನು ಸ್ವಾಮಿ,
ನಾವೇನ್ ಸುಳ್ಳುಗಾರ್ರಾ?”
“ಹೆಜ್ಜೆ ಇದೆ ಗೌಡರೇ. ಯಾರದ್ದು ಅನ್ನೋದು ಅಂತೆ.”
ಆ ವರ್ಷ ಹದಿನಾರು ಚಂದಾ ನಿಂತವು.
ನಮ್ಮ ಪೆಟ್ಟಿಗೆಯಲ್ಲಿ ಎಲ್ಲಕ್ಕೂ ಮೊದಲು ಸವೆದದ್ದು ಆ ‘ತೆ’.

ಆಮೇಲೆ ಇಲಿ ಬಿದ್ದ ವರ್ಷ.
ಊರು ಬಯಲಿನ ಜೋಪಡಿಗೆ ಹೋಯಿತು.
ಕಚೇರಿಯಿಂದ ಅಂಕಿ ಬಂತು: ಈ ವಾರ ನಲವತ್ತಮೂರು.
ಅಂಕಿಯನ್ನು ಮೊಳೆಗೆ ಸಿಗಿಸಿ ಅವರು ಕೊಡೆ ತೆಗೆದುಕೊಂಡರು,
ಜೋಪಡಿ ಜೋಪಡಿ ಸುತ್ತಿ ಹೆಸರು ತಂದರು.
ಸಣ್ಣಮ್ಮ, ದ್ಯಾವಮ್ಮ, ಹುಸೇನಬಿ, ಹೂವಮ್ಮ,
ಹೂವಮ್ಮನ ಸೊಸೆ ಕಾಳಮ್ಮ,
ಅಲಮೇಲಮ್ಮ. ಇದು ನನ್ನ ತಾಯಿ.

ಹರಳೆಣ್ಣೆ ದೀಪದಲ್ಲಿ ಜೋಡಿಸುತ್ತ ಹೋದೆ.
ಇಪ್ಪತ್ತೆರಡನೆಯ ಹೆಂಗಸಿಗೆ
ಮಕಾರದ ಒತ್ತು ಮುಗಿಯಿತು.
ಬೆರಳಿಟ್ಟರೆ ಆ ಮನೆಯಲ್ಲಿ ಬರೀ ಧೂಳು.
“ಉಳಿದವರನ್ನು ಮುಂದಿನ ವಾರಕ್ಕೆ ಹಾಕೋಣವೇ?”
“ಮುಂದಿನ ವಾರಕ್ಕೆ ಮುಂದಿನ ವಾರದವರು ಇರ್ತಾರೆ, ಚಿನ್ನತಂಬಿ.”

ಒತ್ತಿಲ್ಲದೆ ಅಚ್ಚಾಯಿತು: ಕಾಳಮ, ಅಲಮೇಲಮ.
ಓದಿದರೆ ಮಗು ತೊದಲಿದ ಹಾಗೆ.
ಬೆಳಗಿನವರೆಗೆ ಇಬ್ಬರೂ ಕೂತು
ಪ್ರತಿ ಹೆಸರಿನ ಕೆಳಗೆ ಲೇಖನಿಯಿಂದ ಒತ್ತು ಬರೆದೆವು.
ಆ ವಾರ ಅರವತ್ತೇ ಪ್ರತಿ, ಕಾಗದ ಇರಲಿಲ್ಲ.
ಅಮ್ಮನದನ್ನು ನಾನೇ ಬರೆದೆ, ಅರವತ್ತು ಸಲ.
ಒಂದರಲ್ಲಿ ಮಸಿ ಹರಡಿತು.
ಕಡತಕ್ಕೆ ಅವರು ಆರಿಸಿಟ್ಟದ್ದು ಅದನ್ನು.

ಹದಿನಾಲ್ಕು ವರ್ಷದ ಮೇಲೆ, ಒಂದು ಮಂಗಳವಾರ, ಅವರು.
ಬುಧವಾರ ಪುಟ ಕಟ್ಟಬೇಕು.
ಯಾರನ್ನು ಕೇಳಲಿ? ಊರನ್ನೇ ಕೇಳಿದೆ.
ನಾಗಮಂಗಲದ ಕಡೆಯವರಂತೆ.
ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡರಂತೆ.
ಯಂತ್ರ ಕೊಂಡದ್ದು ಆಕೆಯ ಬಳೆ ಮಾರಿಯಂತೆ.
ಮೂರು ಸಾಲು, ಮೂರು ಅಂತೆ, ಮೂರರಲ್ಲೂ ‘ತೆ’ ಮಸುಕು.
ನಾಲ್ಕನೆಯ ಸಾಲಿಗೆ ಜಾಗ ಉಳಿದಿತ್ತು.

ಚಂದಾ ಪುಸ್ತಕ ತೆಗೆದೆ, ಬಾಕಿದಾರರ ಪಟ್ಟಿಗೆಂದು.
ಮೊದಲ ಹೆಸರು, ಅವರದೇ ಕೈಬರಹ:
ಧರಣೇಂದ್ರಯ್ಯ, ಸಂಪಾದಕ, ಹನ್ನೊಂದು ವರ್ಷದ ಚಂದಾ.

ಕಣ್ಣಾರೆ ಕಂಡದ್ದು ಇದೊಂದು.
ಬಾಕಿ ಇದೆ, ಎಂದು ಜೋಡಿಸಿದೆ.