ನಲವತ್ತೊಂದನೆಯ ನಿಮಿಷ

ಭಾನುವಾರ ಮಧ್ಯಾಹ್ನ, ಸೌತ್ ಶೀಲ್ಡ್ಸಿನ
ಮುದಿ ನಾವಿಕರ ಮನೆಯಲ್ಲಿ
ಕಿಟಕಿಗೆ ಬಟ್ಟೆ ಎಳೆದು ಟೇಪು ಹಾಕುವುದು ನನ್ನ ಪಾಲಿನ ಕೆಲಸ.
ಅದೇ ಸಿನಿಮಾ. ಕಪ್ಪು ಬಿಳುಪು. ಯುದ್ಧದ ಕಾಲದ್ದು.
ಬೂದಿ ಬಣ್ಣದ ಕಡಲು, ಬೂದಿ ಬಣ್ಣದ ಬಾನು,
ನಡುವೆ ಗೋಧಿ ಹೊತ್ತ ಒಂದು ಹಡಗು,
ಹಡಗಿನ ತುಂಬ ಗಂಡಸರ ಜೋಕು.
ನಾಯಕನ ಗಲ್ಲದ ಮೇಲೆ ಒಂದೇ ಒಂದು ಗೆರೆ ಮಸಿ,
ಅದೂ ಅಂದವಾಗಿ.

ಇಪ್ಪತ್ತಕ್ಕೆ ನಾರ್ಮನ್ ತರ್ಲ್‌ವೆಲ್‌ನ ಗೊರಕೆ.
ಮೂವತ್ತಕ್ಕೆ ಯಾರೋ ಬಿಸ್ಕತ್ತಿನ ಡಬ್ಬಿ ಕೇಳುತ್ತಾರೆ.
ನಲವತ್ತಾಗುತ್ತಲೂ ಸಯೀದ್ ಮುಕ್ಬಿಲ್
ಗಾಲಿಕುರ್ಚಿಯ ಬ್ರೇಕು ಸಡಿಲಿಸಿ ಮುಂದಕ್ಕೆ ಬರುತ್ತಾನೆ.
"ಈಗ, ಸಿಸ್ಟರ್. ನಿಲ್ಲಿಸು."

ನಿಲ್ಲಿಸುತ್ತೇನೆ.
ಎಡಮೂಲೆಯಲ್ಲಿ, ಎಣ್ಣೆ ಬಳಿದ ನೀರಿನಲ್ಲಿ
ಒಂದು ತಲೆ, ಒಂದು ಕೈ.
"ನಾನು," ಅನ್ನುತ್ತಾನೆ,
ಪ್ರತಿ ವಾರವೂ ಮೊದಲ ಸಲವೆಂಬಂತೆ.

ಸ್ನಾನ ಮಾಡಿಸುವಾಗ, ಮಾತ್ರೆ ನುಂಗಿಸುವಾಗ
ಕಂತು ಕಂತಾಗಿ ಸಿಕ್ಕಿದ ಕತೆ ಇದು:
ಏಡನ್ನಿನಿಂದ ಬಂದವನು, ಬಾಯ್ಲರಿಗೆ ಕಲ್ಲಿದ್ದಲು ಉಣಿಸುವವನು.
ನಲವತ್ತೊಂದರ ಮಾರ್ಚಿ, ರಾತ್ರಿ ಎರಡೂ ಹತ್ತು,
ಅವನ ಹಡಗು ಟಾರ್ಪಿಡೊ ತಿಂದು ಹನ್ನೊಂದು ನಿಮಿಷದಲ್ಲಿ ಮುಳುಗಿತು.
ಕಂಪನಿಯ ಗುಮಾಸ್ತ ಲೆಕ್ಕದಲ್ಲಿ ಚುರುಕು:
ಹಡಗು ಮುಳುಗಿದ ಗಳಿಗೆಗೇ ಸಂಬಳವೂ ಮುಳುಗಿತು.
ತೆಪ್ಪದ ಮೇಲೆ ಕಳೆದ ಆರು ದಿನ
ಅವನ ಸ್ವಂತ ಖರ್ಚು.

ಆಮೇಲೆ ಕೆಲಸವಿಲ್ಲದೆ ಬಂದರಿನಲ್ಲಿ ಕೂತಾಗ
ಲಾರಿಯಲ್ಲಿ ಸ್ಟುಡಿಯೋದವರು ಬಂದರು.
"ಮುಳುಗಲು ಜನ ಬೇಕು. ದಿನಕ್ಕೊಂದು ಪೌಂಡು."
ತಗಡಿನ ದೊಡ್ಡ ತೊಟ್ಟಿ, ಎದೆಮಟ್ಟ ನೀರು, ಅದೂ ಉಗುರುಬೆಚ್ಚಗೆ.
ತೆರೆ ಎಬ್ಬಿಸಲು ಹಲಗೆ ಹಿಡಿದ ನಾಲ್ವರು.
ಸಯೀದ್ ಮುಳುಗಿದ.
"ಕಟ್!" ಏಣಿಯ ಮೇಲಿಂದ ನಿರ್ದೇಶಕ.
"ನಂಬುವಂತಿಲ್ಲ ಮಾರಾಯ. ಕೈ ಎತ್ತು, ಕೂಗು, ಯಾರನ್ನಾದರೂ ಕರೆ."
"ಮುಳುಗುವವರು ಕೂಗುವುದಿಲ್ಲ ಸಾರ್.
ಬಾಯಿ ಉಸಿರಿಗೇ ಸಾಲದು."
ಏಣಿ ನಕ್ಕಿತು.
ಮೂರನೇ ಸಲಕ್ಕೆ ಇವನು ಕೂಗಿದ.
ಟವೆಲು ಕೊಟ್ಟರು. ಚಹಾ.
ಹೊತ್ತು ಮೀರಿದ್ದಕ್ಕೆ ಮೇಲೆ ಐದು ಶಿಲ್ಲಿಂಗು.

"ನಿಜದ ಮುಳುಗಿಗೆ ಕಾಸಿಲ್ಲ, ಸುಳ್ಳಿನದಕ್ಕೆ ಓವರ್‌ಟೈಮು,"
ಕೊನೆಯ ಹಲ್ಲು ಕಾಣುವಂತೆ ನಗುತ್ತಾನೆ.
ಯಾರನ್ನು ಕರೆದೆ ಅಂತ ಒಮ್ಮೆ ಕೇಳಿದೆ.
ನಗು ನಿಂತಿತು.
"ಖಾಸಿಂ. ಬಾಯ್ಲರಿನಲ್ಲಿ ನನ್ನ ಪಕ್ಕದವನು.
ಆ ರಾತ್ರಿ ಕರೆಯಲಾಗಲಿಲ್ಲ.
ಸಿನಿಮಾದಲ್ಲಿ ಆ ಕೂಗಿನ ಮೇಲೆ ಪಿಟೀಲು ಹಾಕಿದ್ದಾರೆ."

ನಾನು ಕುಮಟೆಯವಳು. ಹೇಳಲು ಬೇರೇನೂ ತೋಚದೆ ಹೇಳಿದೆ:
ಕಡಲಿನದೂ ತೆರೆಯೇ, ಸಿನಿಮಾದ್ದೂ ತೆರೆಯೇ,
ನಮ್ಮಲ್ಲಿ ಎರಡಕ್ಕೂ ಒಂದೇ ಮಾತು.
ಮುಚ್ಚಿದ ಬಾಗಿಲಿಗೆ ಹೇಳುವುದೂ ಅದನ್ನೇ.
ಅವನು ಅದನ್ನು ಬಾಯಲ್ಲಿ ಹೊರಳಿಸಿದ,
ಉಕ್ಕಿನ ಕದದ ಮುಂದೆ ನಿಂತವನ ಹಾಗೆ
ಮೂರು ಸಲ ಅಂದ: ತೆರೆ. ತೆರೆ. ತೆರೆ.

ನಿಲ್ಲಿಸಿ ನಿಲ್ಲಿಸಿ ಟೇಪು ಅಲ್ಲೇ ಸವೆದಿದೆ.
ಮೊದಲು ಒಂದು ಬಿಳಿ ಗೆರೆ, ಆಮೇಲೆ ಹತ್ತು,
ಈ ವಾರ ಎಡಮೂಲೆ ಪೂರಾ ಹಿಮ.
ನಾಯಕ ಮಾತ್ರ ಹಾಗೇ ಇದ್ದಾನೆ, ಮಸಿಗೆರೆ ಸಮೇತ.
ಹೊಸ ಟೇಪು ನ್ಯೂಕ್ಯಾಸಲ್ಲಿನಲ್ಲಿ ಸಿಗುತ್ತದೆ, ತರಲೇ ಎಂದೆ.
ಕುರ್ಚಿ ಇನ್ನಷ್ಟು ಮುಂದೆ ತಳ್ಳಿ
ಆ ಬಿಳಿ ಗಿಜಿಗಿಜಿಯ ಮೇಲೆ ಅಂಗೈ ಇಟ್ಟ.
"ಬೇಡ. ಈಗ ಸರಿಯಾಗಿದೆ.
ಆ ರಾತ್ರಿ ಹೀಗೇ ಇತ್ತು. ಏನೂ ಕಾಣುತ್ತಿರಲಿಲ್ಲ."

ಟೈನ್ ನದಿಯ ಬಾಯಲ್ಲಿ ನಾರ್ವೆಯ ಹಡಗು ಕೂಗು ಹಾಕಿತು.
ನಾರ್ಮನ್ ಎಚ್ಚೆತ್ತು, "ಮುಳುಗಿತಾ?" ಅಂದ.
"ಮುಳುಗಿತು. ನೀನು ಮಲಗು," ಅಂದ ಸಯೀದ್.
ನಾನು ಚಹಾಕ್ಕೆ ನೀರಿಟ್ಟೆ.