ಇನ್ನೊಬ್ಬ ಪಿಳ್ಳಪ್ಪ

ಬೆಳಿಗ್ಗೆ ಐದೂವರೆಗೇ ನಲ್ಲಿಯಲ್ಲಿ ಸದ್ದು.
ಎಂಟು ದಿನಕ್ಕೊಮ್ಮೆ ಬರುತ್ತಿದ್ದ ನೀರು
ಈ ತಿಂಗಳು ಮೂರನೇ ದಿನಕ್ಕೇ ಬಂದುಬಿಡುತ್ತದೆ.
ಯಾಕೆಂದು ಗಲ್‌ಪೇಟೆಯಲ್ಲಿ ಎಲ್ಲರಿಗೂ ಗೊತ್ತು,
ನನ್ನ ಬದನೆಗಿಡಕ್ಕೆ ಗೊತ್ತಿಲ್ಲ.
ಅದು ಸುಮ್ಮನೆ ಹೂ ಬಿಟ್ಟಿದೆ.

ಅಂಗನವಾಡಿಯ ಹಿಂದೆ ಹದಿನೈದಡಿ ಜಾಗ.
ಮುಂಚೆ ಅಲ್ಲಿ ಮುರಿದ ಜಾರುಬಂಡೆ, ಬಾಟಲಿ ಚೂರು;
ಈಗ ದಂಟು, ಮೆಂತ್ಯ, ಮೂಲಂಗಿ,
ಮತ್ತೆ ಯಾರೂ ಹಾಕದೆಯೇ ಬಂದ ಒಂದು ಕುಂಬಳಬಳ್ಳಿ.
ಬಿಸಿಲಿಗೆ ಸಸಿ ಬಾಡದಿರಲೆಂದು
ಗಾಳಿಗೆ ಹರಿದುಬಿದ್ದ ಫ್ಲೆಕ್ಸೊಂದನ್ನು ಮೇಲೆ ಕಟ್ಟಿದ್ದೆ.
ಅಭ್ಯರ್ಥಿ ಕೆಳಮುಖವಾಗಿ
ಮೆಣಸಿನ ಸಸಿಗಳಿಗೆ ಕೈಮುಗಿಯುತ್ತಿದ್ದರು.
ನೀತಿಸಂಹಿತೆ ಬಂದ ದಿನ
ಅವರ ಮೇಲೊಂದು ಗೋಣಿಚೀಲ ಹೊಲಿದೆ.
ಮುಖದಲ್ಲಿ ಒಳ್ಳೆ ಕಳೆ ಇದೆ ಅಂತಾರೆ ಜನ.
ಕಳೆ ಅಂದರೆ ನನಗೆ
ದಿನಾ ಕುಕ್ಕರಗಾಲಲ್ಲಿ ಕೂತು ಕೀಳುವುದು.

ಎತ್ತಿನಹೊಳೆ ತಂದೇ ತರುತ್ತೇವೆಂದು ಒಂದು ಆಟೋ ಹೋಯಿತು,
ಅವರು ತರೋಲ್ಲ, ನಾವು ತರುತ್ತೇವೆಂದು
ಅದರ ಹಿಂದೆಯೇ ಇನ್ನೊಂದು.
ಅಕ್ಕಿ ತೊಳೆದ ನೀರನ್ನು ನಾನು
ಬಳ್ಳಿಯ ಬುಡಕ್ಕೆ ಹೊಯ್ದೆ.

ಮಕ್ಕಳಿಗೆ ಮೊಟ್ಟೆ, ಬಸುರಿಯರಿಗೆ ಊಟ,
ಉಳಿದ ಹೊತ್ತಿನಲ್ಲಿ ಪ್ರಜಾಪ್ರಭುತ್ವ.
ಬಿಎಲ್‌ಒ ನಾನು. ಪಟ್ಟಿ ಹಿಡಿದು ಮನೆಮನೆಗೂ ಹೋಗಿ ಕೇಳುತ್ತೇನೆ:
ಯಾರು ಸತ್ತರು, ಯಾರು ಮದುವೆಯಾಗಿ ಹೋದರು,
ಯಾರಿಗೆ ಹದಿನೆಂಟು ತುಂಬಿತು.
ಮೂಲಂಗಿ ಪಾತಿಯದೂ ಹೆಚ್ಚುಕಡಿಮೆ ಇದೇ ಲೆಕ್ಕ.
ಒತ್ತಾಗಿ ಹುಟ್ಟಿದ್ದನ್ನು ಕಿತ್ತು ಸಂದು ಬಿಡಿಸಬೇಕು.
ಕಿತ್ತದ್ದು ಎಷ್ಟುದ್ದ ಇಳಿಯುತ್ತಿತ್ತೋ
ಬೆರಳಿಗೆ ಹೇಗೆ ಗೊತ್ತಾಗಬೇಕು.

ಸಂಕ್ರಾಂತಿ ಮುಂಚೆ ಒಬ್ಬ ಪಿಳ್ಳಪ್ಪ ತೀರಿಕೊಂಡ.
ನಾನು ಪಟ್ಟಿಯಿಂದ ಕಿತ್ತದ್ದು ಇನ್ನೊಬ್ಬ ಪಿಳ್ಳಪ್ಪನನ್ನು.
ಒಂದೇ ಬೀದಿ. ಇಬ್ಬರ ಅಪ್ಪನೂ ಮುನಿಶಾಮಿ.
ನಮೂನೆ ಏಳು, ನೀಲಿ ಪೆನ್ನು, ನನ್ನ ಸಹಿ.

ಮೇಕೆ ಹಿಕ್ಕೆಯ ಚೀಲ ಇಳಿಸುತ್ತಾ ಕೇಳಿದ:
“ಟೀಚರಮ್ಮಾ, ನಾನು ಸತ್ತೋಗಿದೀನಂತಲ್ಲ?
ಒಂದು ಮಾತು ಹೇಳಿದ್ರೆ
ತಿಥಿ ಊಟಕ್ಕಾದ್ರೂ ಬರ್ತಿದ್ದೆ.”
ನಕ್ಕದ್ದು ಅವನೊಬ್ಬನೇ.
ತಾಲ್ಲೂಕು ಕಚೇರಿಗೆ ಎರಡು ಸಲ ಅಲೆದೆ.
ಪಟ್ಟಿ ಅಚ್ಚಾಗಿಬಿಟ್ಟಿದೆ, ಮುಂದಿನ ಸಲ ನೋಡೋಣ ಎಂದರು.
ಅವನಿಗೆ ಎಪ್ಪತ್ತೊಂದು.

ಮತದಾನದ ದಿನ ಶಾಲೆಯ ಬೇವಿನಡಿ ಮೇಜು ಹಾಕಿ
ಹೆಸರು ಹುಡುಕಿ ಹುಡುಕಿ ಚೀಟಿ ಕೊಡುತ್ತಿದ್ದೆ.
ಸಾಲಿನ ಆಚೆ, ಗೋಡೆಯ ಸಂದಿಯಲ್ಲಿ ಕಂಡ,
ನನ್ನ ಪಾತಿಯಲ್ಲಿ ಕೂತು ಅಗೆಯುತ್ತಿದ್ದ.
ಇಡೀ ಬೀದಿಯ ಎಡಗೈ ತೋರುಬೆರಳಿಗೆ ಶಾಯಿ,
ಅವನದಕ್ಕೆ ಮೊದಲ ಗೆಣ್ಣಿನವರೆಗೂ ಮಣ್ಣು.

ಸಂಜೆ ಸೂರ್ಯ ಅಂತರಗಂಗೆ ಬೆಟ್ಟದ ಹಿಂದಕ್ಕೆ ಜಾರುವ ಹೊತ್ತಿಗೆ
ನಾನು ಹಿಂದಿನ ದಿನ ಕಿತ್ತೆಸೆದ ಗುಪ್ಪೆಯನ್ನು
ಮಡಿಲಿಗೆ ಸುರುವಿಕೊಂಡು ಹೆಕ್ಕುತ್ತಿದ್ದ.
“ಇದನ್ಯಾಕಮ್ಮಾ ಕಳೆ ಅಂದೆ? ಅಣ್ಣೆಸೊಪ್ಪು ಇದು.
ಇದು ಗುರುಗು. ಇಗೋ ದಗ್ಗಲಿ.
ಬಾಡಿದ್ರೂ ಪರವಾಗಿಲ್ಲ, ನೀರಲ್ಲಿ ಬಿಡು, ಎದ್ದೇಳುತ್ತೆ.”
ಆ ರಾತ್ರಿ ಬೆರಕೆಸೊಪ್ಪಿನ ಸಾರು, ಮುದ್ದೆ.
ಒಂದು ತುತ್ತು ಯಾಕೋ ಇಳಿಯಲಿಲ್ಲ.

ಯಾರೋ ಗೆದ್ದರು. ಪಟಾಕಿ ಕಾಗದ
ಮೆಂತ್ಯದ ಮೇಲೆಲ್ಲ ಕೆಂಪಗೆ ಉದುರಿತ್ತು.
ಶಾಯಿ ನನ್ನ ಉಗುರಿನ ಜೊತೆ ಮೇಲೇರಿ
ಅರ್ಧಚಂದ್ರವಾಯಿತು, ಕತ್ತರಿಸಿದೆ.
ಮಾರನೇ ದಿನ ಪಿಳ್ಳಪ್ಪನನ್ನು ಕೂರಿಸಿಕೊಂಡು
ನಮೂನೆ ಆರು ತುಂಬಿದೆ: ಹೊಸ ಮತದಾರ.
ಹುಟ್ಟಿದ ದಿನ? “ರಾಗಿ ಕೊಯ್ಲಲ್ಲಿ ಅಂತಿದ್ಲು ಅವ್ವ.”
ಜನವರಿ ಒಂದು ಅಂತ ಬರೆದೆ, ಎಲ್ಲರಿಗೂ ಬರೆಯುವ ಹಾಗೆ.

ಹೆಬ್ಬೆಟ್ಟು ಒತ್ತುವ ಮೊದಲು
ಕೈ ತೊಳೆದುಕೋ ಎಂದೆ.
ಎದ್ದುಹೋಗಿ ನಲ್ಲಿ ತಿರುವಿದ.
ಗೊರಗೊರ ಅಂತ ಒಂದಿಷ್ಟು ಗಾಳಿ ಬಂತು.